ತೆರೆಯ ಮೇಲೆ ಕಾಣದ ಪಾಸ್‌ವರ್ಡ್

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮಾತು ಬದಲಿಸುತ್ತಿದ್ದೆ. ಒಂದು ಅಕ್ಷರ ತಪ್ಪಿದರೂ ಕಂಪ್ಯೂಟರು ಕೆಲಸ ಮಾಡುವುದಿಲ್ಲ. ಅದರ ಜೊತೆ ದಿನ ಕಳೆಯುವವನಿಗೆ ಪವಾಡದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಆದರೂ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನವನ್ನು, ಏನೂ ಸೇರಿಸದೆ, ನಡೆದ ಹಾಗೆಯೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮ್ಮಿಷ್ಟ.

ಪೆರುಂಗುಡಿಯಲ್ಲಿ ನಮ್ಮದೊಂದು ಸಣ್ಣ ಕಂಪನಿ. ಎಣ್ಣೂರು ಕಡೆಯ ಮೀನುಗಾರರ ದೋಣಿಗಳಿಗೆ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದ್ದೆವು. ಸಮುದ್ರ ಕೆಡುವ ಮುನ್ಸೂಚನೆ ನಮ್ಮ ಸರ್ವರಿನಿಂದ ಅದಕ್ಕೆ ಹೋಗುತ್ತದೆ. ಅಪಾಯದಲ್ಲಿರುವ ದೋಣಿಯ ಕರೆ ಅದರಿಂದ ನಮಗೆ ಬರುತ್ತದೆ. ನಡುವೆ ಸುಳ್ಳು ಸಂದೇಶ ನುಸುಳಬಾರದಲ್ಲ, ಅದಕ್ಕೇ ನಮ್ಮ ಸರ್ಟಿಫಿಕೇಟ್, ಅಂದರೆ ಗುರುತುಪತ್ರದಂಥ ಒಂದು ಫೈಲು, ತೋರಿಸಿದ ಸರ್ವರನ್ನು ಮಾತ್ರ ಪೆಟ್ಟಿಗೆ ನಂಬುತ್ತದೆ. ಸರ್ಟಿಫಿಕೇಟಿಗೊಂದು ಅವಧಿಯಿದೆ. ಅದು ಮುಗಿಯುವ ಮೊದಲು ಹೊಸದನ್ನು ಮಾಡಿ, ಮೂಲ ಕೀಲಿಯಿಂದ ಅದಕ್ಕೆ ಸಹಿ ಹಾಕಬೇಕು. ಕೀಲಿಯೆಂದರೆ ಒಂದು ಫೈಲು. ಅದನ್ನು ತೆರೆಯುವ ಉದ್ದನೆಯ ಪಾಸ್‌ವರ್ಡ್ ಗೊತ್ತಿದ್ದದ್ದು ನನ್ನ ಸಹೋದ್ಯೋಗಿ ಸುಧಾಕರನಿಗೆ ಮಾತ್ರ. ಇನ್ನೊಬ್ಬರಿಗೂ ಗೊತ್ತಿರಲಿ ಎಂಬ ಮಾತು ಪ್ರತಿ ಮೀಟಿಂಗಿನಲ್ಲೂ ಬರುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು.

ಸುಧಾಕರ ಉಡುಪಿ ಕಡೆಯವನು. ಟಿ. ನಗರದಲ್ಲಿ ಅವನ ತಂದೆಯ ಕಾಲದಿಂದ ಹೋಟೆಲಿದೆ. ಆ ವಾರ ಅವನು ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಸರ್ಟಿಫಿಕೇಟಿನ ಅವಧಿ ಮುಗಿಯುವುದು ಅದೇ ಸಂಜೆ ಎಂದು ನಮಗೆ ತಿಳಿದಾಗ ಮಧ್ಯಾಹ್ನವಾಗಿತ್ತು. ಹೊರಗೆ ಮೋಡ ಕವಿದಿತ್ತು. ಗಾಳಿ ಏಳಲಿದೆ, ಮರಳಿ ಬನ್ನಿ ಎಂದು ದೋಣಿಗಳಿಗೆ ಆಗಲೇ ಹೇಳಿದ್ದೆವು. ಆದರೆ ಕೆಲವು ಬಹಳ ದೂರವಿದ್ದವು. ಸಂಜೆಯ ನಂತರ ಅವರಲ್ಲಿ ಯಾರು ಕೂಗಿಕೊಂಡರೂ ನಮಗೆ ಕೇಳಿಸುತ್ತಿರಲಿಲ್ಲ. ಹೊಸ ಕೀಲಿ ಮಾಡೋಣವೆಂದರೆ, ಪೆಟ್ಟಿಗೆಗಳಿಗೆ ಗುರುತಿರುವುದು ಹಳೆಯದೊಂದೇ; ಹೊಸದನ್ನು ತಿಳಿಸಲು ದೋಣಿ ದಡಕ್ಕೆ ಬಂದ ಮೇಲೆ ಒಂದೊಂದೇ ಪೆಟ್ಟಿಗೆ ಬಿಚ್ಚಬೇಕು.

ಸುಧಾಕರನ ಹೆಂಡತಿ ವಿನೋದಾ ಆಸ್ಪತ್ರೆಯಲ್ಲಿದ್ದರು. ಸಂಕೋಚದಿಂದಲೇ ಫೋನ್ ಮಾಡಿದೆ.

“ಕಂಪ್ಯೂಟರಿನ ವಿಷಯ ಅವ್ರು ಮನೇಲಿ ಬಾಯಿ ಬಿಡುದಿಲ್ಲ ಅಣ್ಣಾ,” ಎಂದರು. “ಮಗಳ ಹೆಸ್ರು ಹಾಕಿ ನೋಡಿದ್ರಾ? ಹೋಟ್ಲಿನ ಹೆಸ್ರು?”

ಎಲ್ಲವನ್ನೂ ಹಾಕಿ ನೋಡಿಯಾಗಿತ್ತು. ಅವನ ಸ್ಥಿತಿ ಹೇಗಿದೆ ಎಂದು ಕೇಳಿದೆ. “ಹಾಗೇ ಇದ್ದಾರೆ,” ಎಂದು ಫೋನ್ ಇಟ್ಟರು.

ಮತ್ತೆ ಕಪ್ಪು ತೆರೆಯ ಮುಂದೆ ಕೂತು ಆದೇಶ ಟೈಪಿಸಿದೆ. ಪಾಸ್‌ವರ್ಡ್ ಕೇಳಿತು. ಆಗ ನಾವು ಒತ್ತುವ ಅಕ್ಷರ ತೆರೆಯ ಮೇಲೆ ಕಾಣುವುದಿಲ್ಲ, ಚುಕ್ಕಿ ಕೂಡ ಮೂಡುವುದಿಲ್ಲ. ಹಾಕಲು ನನ್ನಲ್ಲಿ ಹೊಸದೇನೂ ಉಳಿದಿರಲಿಲ್ಲ. ಸುಧಾಕರನ ಮುಖ ನೆನೆಯುತ್ತ ಕೈಗಳನ್ನು ಕೀಬೋರ್ಡಿನ ಮೇಲೆ ಸುಮ್ಮನೆ ಇಟ್ಟೆ. ಅವು ಓಡತೊಡಗಿದವು. ಪಕ್ಕದ ಮೇಜಿನಲ್ಲಿ ಯಾರೋ ಟೈಪ್ ಮಾಡುವುದನ್ನು ಕೇಳಿಸಿಕೊಂಡಂತೆ ನಾನು ಆ ಸದ್ದು ಕೇಳುತ್ತಿದ್ದೆ. ಕೈ ನಿಂತಿತು. ತಪ್ಪು ಎಂದು ಬರುವ ಸಾಲು ಬರಲಿಲ್ಲ. ಸರ್ಟಿಫಿಕೇಟಿಗೆ ಸಹಿ ಹಾಕಲೇ ಎಂದು ಕಂಪ್ಯೂಟರು ಕೇಳುತ್ತಿತ್ತು.

ಹಿಂದೆ ನಿಂತಿದ್ದ ಕವಿತಾ ನಮ್ಮ ಕಿರಿಯ ಸಹೋದ್ಯೋಗಿ, ಕನ್ನಡ ಮನೆಯವಳಾದರೂ ಉತ್ತರ ಕೊಡುವುದು ತಮಿಳಿನಲ್ಲೇ. “ಸಾರ್, ನೀಂಗ ಎಪ್ಪೊ ಪತ್ತು ವಿರಲ್ಲೆ ಟೈಪ್ ಪಣ್ಣ ಕತ್ತುಕ್ಕಿಟ್ಟೀಂಗ?” ಎಂದಳು. ಹತ್ತು ಬೆರಳಲ್ಲಿ ಟೈಪ್ ಮಾಡುವುದನ್ನು ನಾನು ಯಾವಾಗ ಕಲಿತೆ ಎಂದು ಅವಳ ಪ್ರಶ್ನೆ. ನಾನು ಕಲಿತೇ ಇಲ್ಲ. ಇವತ್ತಿಗೂ ಎರಡು ಬೆರಳಲ್ಲೇ ಕುಟ್ಟುವವನು.

ಸಹಿ ಹಾಕಿ, ಹೊಸ ಸರ್ಟಿಫಿಕೇಟನ್ನು ಸರ್ವರಿಗೆ ಏರಿಸಿದೆವು. ಕತ್ತಲಾಗುವ ಹೊತ್ತಿಗೆ ಒಂದು ದೋಣಿಯಿಂದ ಕರೆ ಬಂತು, ಇಂಜಿನ್ ಕೆಟ್ಟು ನಿಂತಿತ್ತು. ಹತ್ತಿರದಲ್ಲಿದ್ದ ಇನ್ನೊಂದು ದೋಣಿಗೆ ತಿಳಿಸಿದೆವು. ಅವರು ಹಗ್ಗ ಕಟ್ಟಿ ಎಳೆದು ತಂದರು. ಎಲ್ಲರೂ ದಡ ಮುಟ್ಟಿದರು.

ಸುಧಾಕರನಿಗೆ ಪ್ರಜ್ಞೆ ಬಂದು, ಮಾತು ಸರಾಗವಾದ ಮೇಲೆ ಪಾಸ್‌ವರ್ಡ್ ಏನೆಂದು ಕೇಳಿದೆ. ಈಗ ಅದನ್ನು ಬದಲಿಸಿದ್ದೇವೆ, ಹಾಗಾಗಿ ಹೇಳಬಹುದು: ‘ಒಣಸ್ ಮಲ್ತ್‌ದ್ ಪೋಲೆ’ ಎಂಬ ತುಳು ಮಾತು, ಇಂಗ್ಲಿಷ್ ಅಕ್ಷರಗಳಲ್ಲಿ, ನಡುನಡುವೆ ಅಂಕಿಗಳು. ಊಟ ಮಾಡಿ ಹೋಗಿ ಎಂದರ್ಥ. ಅವನ ತಾಯಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ನಮ್ಮ ಮನೆತನ ದಾವಣಗೆರೆ ಕಡೆಯದು. ನನಗೆ ತುಳು ಬರುವುದಿಲ್ಲ.

“ನಾನು ಯಾರಿಗೂ ಹೇಳ್ಲಿಲ್ಲ ಮಾರಾಯ್ರೆ,” ಎಂದ ಸುಧಾಕರ. “ನೀವು ಒಳಗೆ ಹೋದದ್ದು ಹೇಗೆ?”

ನಡೆದದ್ದನ್ನು ಹೇಳಿದೆ. ಎಂದೋ ಅವನ ಬೆರಳಾಟ ನೋಡಿ ಮನಸ್ಸಿನ ಮೂಲೆಯಲ್ಲಿ ಉಳಿದಿರಬೇಕು ಎಂದು ನಾನೇ ಸಮಾಧಾನವನ್ನೂ ಹೇಳಿದೆ. ಕಿತ್ತಳೆ ಸುಲಿಯುತ್ತಿದ್ದ ವಿನೋದಾ ಕೈ ನಿಲ್ಲಿಸಿದರು.

“ಅವತ್ತು ನಿಮ್ಮ ಫೋನ್ ಇಟ್ಟು ಒಳಗೆ ಹೋದೆ,” ಎಂದರು. “ಇವ್ರ ಬೆರಳು ಹೊದಿಕೆ ಮೇಲೆ ಆಡ್ತಾ ಇತ್ತು, ಹತ್ತೂ ಬೆರಳು. ಅದೇ ಮೊದಲು ಅಲ್ಲಾಡಿದ್ದು. ಡಾಕ್ಟ್ರನ್ನ ಕರೆದೆ. ಒಳ್ಳೇ ಲಕ್ಷಣ ಅಂದ್ರು.”

ಬೆರಳಾಡಿದ್ದಕ್ಕೆ ಡಾಕ್ಟರ ಬಳಿ ಕಾರಣವಿತ್ತು, ಪಾಸ್‌ವರ್ಡಿಗೆ ನನ್ನ ಬಳಿ ಒಂದು ಊಹೆಯಿತ್ತು. ಎರಡೂ ಒಂದೇ ಹೊತ್ತಿಗೆ ಹೇಗಾದವು ಎಂಬುದಕ್ಕೆ ಯಾರ ಬಳಿಯೂ ಏನೂ ಇರಲಿಲ್ಲ, ಈಗಲೂ ಇಲ್ಲ. ವಿನೋದಾ ಮಾತ್ರ ಉತ್ತರ ಹುಡುಕಲು ಹೋಗಲಿಲ್ಲ.

“ಒಟ್ಟಿಗೆ ಕೆಲ್ಸ ಮಾಡುವವ್ರು ಅಲ್ವಾ ನೀವಿಬ್ರು,” ಎಂದು ಹಣ್ಣಿನ ತೊಳೆಗಳನ್ನು ಇಬ್ಬರ ಕೈಗೂ ಕೊಟ್ಟರು.