ಮುಳ್ಳು ಹಚ್ಚಿದ ದಾರಿ

ಈ ಊರಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಆರು ಮಂದಿ ಮೈಗೆ ಅಂಟಿದ ಚಡ್ಡಿ ಹಾಕಿಕೊಂಡು, ತಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂಥ ಟೊಪ್ಪಿಗೆ ಇಟ್ಟುಕೊಂಡು ನಿಂತಿದ್ದರು. ಮೈತುಂಬ ಕೆಂಪು ಧೂಳು. ನಾನು ಬಾಗಿಲು ಹಾಕಿ ಅಗಳಿ ಜಡಿದೆ. ಒಳಗಿದ್ದ ನನ್ನ ತಂಗಿ ಶಾಂತವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಗಿ ಅಕ್ಕಾ, ಅವ್ರು ರೊಟ್ಟಿ ತಿನ್ನಾಕ ಬಂದಾರ. ಸೈಕಲ್ ತುಳಿಯೋ ಹುಬ್ಬಳ್ಳಿ ಮಂದಿ." ಟೊಪ್ಪಿಗೆ ತೆಗೆದ ಮೇಲೆ ಅವರಲ್ಲಿ ಒಬ್ಬಳು ಹೆಣ್ಣುಮಗಳು ಎಂದು ತಿಳಿಯಿತು.

ಬೆಟಗೇರಿಯ ನಮ್ಮ ಓಣಿಯವರು ಫೋನಿನಲ್ಲಿ ಊರು ಹೇಗಿದೆ ಎಂದು ಕೇಳುತ್ತೀರಿ. ಹೇಳುವುದರೊಳಗೆ ಗಾಳಿಗೆ ಮಾತು ಕಡಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಊರು ಡಂಬಳದಿಂದ ಆಚೆ, ಕಪ್ಪತಗುಡ್ಡದ ಬುಡದಲ್ಲಿದೆ. ಗದಗಿನಿಂದ ಬಸ್ಸು ಹತ್ತಿದರೆ ದೂರವೇನಲ್ಲ. ಆದರೂ ಬೇರೆ ದೇಶ. ಬೆಟಗೇರಿಯಲ್ಲಿ ಮಗ್ಗದ ಸಪ್ಪಳವಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಇಲ್ಲಿ ಗುಡ್ಡದ ನೆತ್ತಿಯ ಮೇಲೆ ಗಾಳಿಗೆ ತಿರುಗಿ ಕರೆಂಟು ಮಾಡುವ ದೊಡ್ಡ ಫ್ಯಾನುಗಳು ಭುಸ್ ಭುಸ್ ಎನ್ನುತ್ತವೆ. ಹತ್ತಿರ ಹೋಗಿ ನಿಂತರೆ ಎಮ್ಮೆ ಉಸಿರಾಡಿದ ಹಾಗೆ ಕೇಳುತ್ತದೆ. ಅಲ್ಲಿ ಮನೆ ಹುಡುಕಬೇಕಾದರೆ ಓಣಿಯ ಹೆಸರು ಹೇಳುತ್ತೇವೆ, ಇಲ್ಲಿ ಹೊಲ ಯಾರದೆಂದು ಹೇಳುತ್ತಾರೆ. ಗುಡ್ಡದ ಗಟ್ಟಿ ಕೆಂಪು ನೆಲಕ್ಕೆ ಮಡ್ಡಿ ಎನ್ನುತ್ತಾರೆ, ಕೆಳಗಿನ ಕಪ್ಪು ಹೊಲಕ್ಕೆ ಎರಿ ಎನ್ನುತ್ತಾರೆ. ಈ ಎರಡರ ಫರಕು ತಿಳಿಯದವರು ಇಲ್ಲಿ ಬಾಳುವುದು ಕಷ್ಟ. ನನಗೆ ತಿಳಿದಿರಲಿಲ್ಲ.

ಶಾಂತವ್ವನ ಗಂಡ ತೀರಿ ವರ್ಷಗಳಾದವು. ಅವಳು ಮನೆಯಲ್ಲೇ ಸಣ್ಣ ಖಾನಾವಳಿ ಇಟ್ಟಿದ್ದಾಳೆ. ಮೊಣಕಾಲು ಹೋದ ಮೇಲೆ ಒಲೆಯ ಮುಂದೆ ಕೂಡುವುದಾಗಲಿಲ್ಲ, ರೊಟ್ಟಿ ಬಡಿಯಲು ನನ್ನನ್ನು ಕರೆದಳು. ಬೆಟಗೇರಿಯ ನನ್ನ ಬಾಡಿಗೆ ಕೋಲಿಯ ಕೀಲಿಯನ್ನು ಮಾಲೀಕನ ಕೈಗೆ ಕೊಟ್ಟು ಬಂದೆ. ತಿರುಗಿ ಹೋಗಲು ಜಾಗವಿಲ್ಲದ ಹಾಗೆ ಮಾಡಿಕೊಂಡೇ ಬಂದೆ ಎನ್ನಿ.

ವಾರದ ದಿನ ಫ್ಯಾನು ನೋಡಿಕೊಳ್ಳುವ ಒಬ್ಬಿಬ್ಬರು ಉಣ್ಣಲು ಬರುತ್ತಾರೆ. ನಮ್ಮ ಒಲೆ ಉರಿಯುವುದು ಐತವಾರದ ಸೈಕಲ್ಲಿನವರಿಂದ. ಫ್ಯಾನು ನೆಡುವಾಗ ಲಾರಿ ಹತ್ತಲೆಂದು ಗುಡ್ಡ ಕಡಿದು, ಕಲ್ಲುಮಣ್ಣಿನ ಗರ್ಸು ಹಾಕಿ ದಾರಿ ಮಾಡಿದ್ದರು. ಆಮೇಲೆ ಅದರ ಮೇಲೆ ಕುರಿ ಬಿಟ್ಟರೆ ಯಾರೂ ಓಡಾಡಲಿಲ್ಲ. ಈಗ ಇವರು ಬರುತ್ತಾರೆ. ಡಂಬಳದ ಕೆರೆಯಿಂದ ಹೊರಟು, ಮಡ್ಡಿ ಏರಿ, ಫ್ಯಾನಿನ ಸಾಲು ಹಿಡಿದು ಹೋಗಿ, ನಮ್ಮ ಊರಿಗೆ ಇಳಿದು ರೊಟ್ಟಿ ತಿಂದು, ಮುಂಡರಗಿ ಕಡೆಗೋ ಶಿರಹಟ್ಟಿ ಕಡೆಗೋ ತುಳಿದುಕೊಂಡು ಹೋಗುತ್ತಾರೆ. ನಮ್ಮ ಓಣಿಗೆ ಡಾಂಬರು ಹಾಕಿಸಲು ನಾವು ಎಷ್ಟು ಕೂಗಾಡಿದೆವು, ನೆನಪಿದೆಯಲ್ಲ. ಇವರು ಡಾಂಬರು ಬೇಡವೆಂದೇ ಇಷ್ಟು ದೂರ ಬರುತ್ತಾರೆ. ದಡ್ಡರೇನಲ್ಲ. ಏರಿನಲ್ಲಿ ಎದೆ ಒಡೆಯುವ ಹಾಗೆ ಏದುಸಿರು ಬಿಟ್ಟವರು ಇಳಿದು ಬಂದಾಗ ಮುಖ ನೋಡಬೇಕು, ಹಸಿಬಾಣಂತಿಗೆ ನಿದ್ದೆ ಹತ್ತಿದ ಹಾಗಿರುತ್ತದೆ.

ನಾನು ಗುಡ್ಡದ ಬುಡಕ್ಕೆ ಹೋಗಿ ಮೇಲೆ ನೋಡುತ್ತಾ ನಿಲ್ಲುತ್ತಿದ್ದೆ. ಕೊನೆಯ ತಿರುವಿನಲ್ಲಿ ಧೂಳೆದ್ದರೆ ಹೋಗಿ ಹಂಚು ಕಾಯಲು ಇಡುವುದು. ಅಲ್ಲಿಂದ ಊರಿಗೆ ಪಕ್ಕದ ಮನೆಯ ಫಕ್ಕೀರವ್ವನ ಎರಿ ಹೊಲದ ನಡುವೆ ಕಾಲುದಾರಿ. ಬೇಸಿಗೆಯೆಲ್ಲ ಊರೇ ಅದರ ಮೇಲೆ ಓಡಾಡಿತ್ತು. ಸೈಕಲ್ಲಿನವರ ಫೋನಿನ ನಕಾಶೆಯಲ್ಲೂ ಅದೇ ದಾರಿ ಇತ್ತು.

ಹಿಂಗಾರಿ ಹೊತ್ತಿನ ಒಂದು ಐತವಾರ ಹೋಗಿ ನೋಡಿದರೆ ದಾರಿಯ ಬಾಯಿಗೆ ಯಾರೋ ಜಾಲಿಮುಳ್ಳು ಎಳೆದು ಹಾಕಿದ್ದರು. ನಮ್ಮ ಕಡೆ ದಾರಿಯ ಮುಳ್ಳು ತೆಗೆದರೆ ಪುಣ್ಯ. ಬಡಿಗೆಯಿಂದ ಬದಿಗೆ ದೂಡಿದೆ. ಆ ತುದಿಗೂ ಇತ್ತು, ಅದನ್ನೂ ದೂಡಿದೆ. ಇಳಿದು ಬಂದವರಿಗೆ ದಾರಿ ಹಸನಾಗಿದೆ, ಬರ್ರಿ ಎಂದು ಕೈ ಬೀಸಿದೆ.

ಹಿಂದಿನ ದಿನ ಹಸಿಯಲ್ಲಿ ಜೋಳ ಬಿತ್ತಿದ್ದರು, ಅದರ ಮೇಲೇ ನಡೆದು ಬಂದರೂ ನನಗೆ ಗೊತ್ತಾಗಿರಲಿಲ್ಲ. ದಾರಿಯ ಮೇಲೂ ಬಿತ್ತುವ ಕೂರಿಗೆ ಆಡಿತ್ತು. ಎರಿ ಮಣ್ಣು ಗಾಲಿಗೆ ಕಣಕದ ಹಾಗೆ ಹತ್ತಿ ಸೈಕಲ್ಲು ನಿಂತವು. ಅವರು ಇಳಿದು, ದೂಡಿ, ಎತ್ತಿ, ಆಚೀಚೆ ತುಳಿದು ಹೇಗೋ ಹಾಯ್ದರು. ನಮ್ಮ ಅಂಗಳಕ್ಕೆ ಬಂದು ಕಡ್ಡಿಯಿಂದ ಮಣ್ಣು ಕೆರೆದು, ರೊಟ್ಟಿ ತಿಂದು ಹೋದರು.

ಮಧ್ಯಾಹ್ನ ಫಕ್ಕೀರವ್ವ ಬಂದಳು. ಕೂಗಲಿಲ್ಲ. ಅಂಗಳದಿಂದ ಒಂದು ಮಣ್ಣಿನ ಹೆಂಟೆ ಎತ್ತಿ ಒಡೆದು ನನ್ನ ಅಂಗೈಯಲ್ಲಿಟ್ಟಳು. ಒಳಗೆ ಔಷಧ ಹಚ್ಚಿದ ಕೆಂಪು ಜೋಳದ ಕಾಳು ಎರಡು.

"ಇವು ಯಾರ ಹೊಲದ್ವು?" ಎಂದಳು.

ಮುಳ್ಳು ತೆಗೆದವಳು ನಾನೇ, ದಾರಿ ಸ್ವಚ್ಛ ಮಾಡಿದೆ ಎಂದೆ.

"ಮುಳ್ಳು ಕಸ ಅಲ್ಲ ಯವ್ವಾ. ಅದು ನಾ ಆಡಿದ ಮಾತು. ನಿಮ್ಮ ಓಣ್ಯಾಗ ಹಾಸು ಹೂಡಿದಾಗ ಯಾರರ ಅದರ ಮ್ಯಾಲೆ ಹಾದು ಹೋದ್ರ ಸುಮ್ನ ಇರತಿದ್ದೇನು?"

ಸೀರೆಯ ನೂಲಿನ ಹಾಸು ಓಣಿಯುದ್ದಕ್ಕೂ ಎಳೆದು ಕಟ್ಟಿದಾಗ ನಾವು ಎರಡೂ ತುದಿಗೆ ಕಲ್ಲು ಇಡುವುದಿಲ್ಲವೇ. ಮದುವೆಯ ದಿಬ್ಬಣವೂ ಸುತ್ತಿಕೊಂಡು ಹೋಗುತ್ತದೆ. ಬಿತ್ತಿದ ಮೇಲೆ ಮುಳ್ಳು ಹಚ್ಚುವುದೂ ಅದೇ.

ಇನ್ನು ಸೈಕಲ್ಲಿನವರು ಈ ಕಡೆ ಇಳಿಯಬಾರದು ಎಂದು ಹೇಳಿ ಹೋದಳು. ಅವಳ ಮಾತಿಗೆ ಊರಲ್ಲಿ ಎದುರಿಲ್ಲ. ಶಾಂತವ್ವ ಕಾಲು ಚಾಚಿಕೊಂಡು ಕೂತಿದ್ದಳು. "ಐತವಾರದ ರೊಟ್ಟಿ ನಿಂತ್ರ ನಾವಿಬ್ರೂ ಏನ್ ತಿನ್ನೂದು ಅಕ್ಕಾ?" ಎಂದು ಕೇಳಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಫಕ್ಕೀರವ್ವನ ಕಟ್ಟೆಗೆ ಹೋದೆ. ಅವಳು ಕುಂಡ್ರು ಎನ್ನಲಿಲ್ಲ. ಬೈಯುವುದಿದ್ದರೆ ಬೈ, ಆದರೆ ಏನು ಮಾಡಬೇಕು ಅದನ್ನು ಹೇಳು ಎಂದೆ. ಒಳಗೆ ಹೋಗಿ ಬೀಜ ತಂದು ನನ್ನ ಉಡಿಗೆ ಸುರಿದಳು.

"ಕೆಡಿಸಿದವರೇ ಹಾಕಬೇಕು. ನಡಿ."

ಜೀವಮಾನದಲ್ಲಿ ನಾನು ಮಣ್ಣಿಗೆ ಕಾಳು ಹಾಕಿದವಳಲ್ಲ, ಕಂಡಿಕೆಗೆ ನೂಲು ಸುತ್ತಿದವಳು. ಗಾಲಿ ಕೊರೆದಲ್ಲಿ, ಕಾಲು ಇಳಿದಲ್ಲಿ ಕಡ್ಡಿಯಿಂದ ತೂತು ಮಾಡಿ ಕಾಳು ಬಿಟ್ಟು ಮುಚ್ಚುವುದು. ಅವಳು ಬದುವಿನ ಮೇಲೆ ಕೂತು ಆಳ ಹೆಚ್ಚಾಯಿತು, ಕಾಳು ಒತ್ತೊತ್ತಾಗಿ ಬಿತ್ತು ಎನ್ನುತ್ತಲೇ ಇದ್ದಳು. ಸಂಜೆಗೆ ನಡು ನೆಟ್ಟಗಾಗಲಿಲ್ಲ. ಆಗ ಅವಳಾಗಿಯೇ ಕೈ ತೋರಿಸಿದಳು. ಮಡ್ಡಿಯ ಅಂಚಿಗೆ ಹಳೆಯ ಚಕ್ಕಡಿ ದಾರಿ ಇದೆ, ಸುತ್ತಿಕೊಂಡು ಊರ ಕೆರೆಯ ಒಡ್ಡಿಗೆ ಬಂದು ಹತ್ತುತ್ತದೆ, ಅಲ್ಲಿ ಹೋದರೆ ತನ್ನ ತಕರಾರಿಲ್ಲ ಎಂದಳು. ವಾರವೆಲ್ಲ ನಾನು ಆ ದಾರಿ ನಡೆದೆ. ಎಲ್ಲಿ ಗರ್ಸು ಸಡಿಲ, ಎಲ್ಲಿ ಮಳೆಯ ಕೊರಕಲು ಎಂದು ನೋಡಿದೆ. ಅಲ್ಲಿ ಬಿದ್ದ ಮುಳ್ಳನ್ನು ಮಾತ್ರ ಅವಳನ್ನು ಕೇಳಿಯೇ ತೆಗೆದೆ.

ಐತವಾರ ಗುಡ್ಡದ ಬುಡದಲ್ಲಿ ಅಡ್ಡ ನಿಂತೆ. ಸೈಕಲ್ಲಿನವರಿಗೆ ನಡೆದದ್ದು ಹೇಳಿದೆ. ಇನ್ನೂ ಏರು ಇದೆಯಾ ಎಂದು ಒಬ್ಬ ಗೊಣಗಿದ. ಹೊಟ್ಟೆ ಇಳಿಸಲು ಬಂದವನು ಏರಿಗೆ ಅಂಜಿದರೆ ಹೇಗೆ ಎಂದೆ. ಮೊದಲ ದಿನ ಕಂಡ ಆ ಹೆಣ್ಣುಮಗಳು ಸೈಕಲ್ಲು ಮಲಗಿಸಿ, ಬದುವಿನಲ್ಲಿ ನಿಂತಿದ್ದ ಫಕ್ಕೀರವ್ವನ ಹತ್ತಿರ ಹೋಗಿ ಕೈ ಮುಗಿದಳು.

"ತಪ್ಪಾತ್ರಿ ಅಮ್ಮಾರ. ನಮಗ ಗೊತ್ತಿದ್ದಿಲ್ಲ."

"ನಿಮಗೆಲ್ಲಿಂದ ಗೊತ್ತಿರತೈತಿ? ನಮ್ಮ ಮುದುಕಿಗೇ ಗೊತ್ತಿದ್ದಿಲ್ಲ" ಎಂದಳು ಫಕ್ಕೀರವ್ವ.

ನಮ್ಮ ಮುದುಕಿ ಎಂದಳು. ನೋಡಿದರೆ ಅವಳೇ ನನಗಿಂತ ದೊಡ್ಡವಳು.

ಅವರು ಮಡ್ಡಿ ಸುತ್ತಿ, ಕೆರೆಯ ಒಡ್ಡಿನ ಮೇಲೆ ಸಾಲಾಗಿ ಬಂದರು. ಆ ದಾರಿಯೇ ಅವರಿಗೆ ಹಿಡಿಸಿತು, ಈಗ ಅದರಲ್ಲೇ ಬರುತ್ತಾರೆ. ರೊಟ್ಟಿ ನಿಲ್ಲಲಿಲ್ಲ.

ನಾನು ಹಾಕಿದ ಕಾಳೂ ಹುಟ್ಟಿದವು. ಆಳಕ್ಕೆ ಬಿದ್ದಿದ್ದರಿಂದ ತಡವಾಗಿ, ಸೊಟ್ಟಗೆ. ಈಗ ಸುತ್ತಲಿನ ಜೋಳ ಆಳೆತ್ತರ ನಿಂತು ತೆನೆ ಬಲಿತಿದೆ, ನಡುವೆ ನನ್ನವು ಮೊಣಕಾಲು ಮುಟ್ಟುತ್ತವೆ. ಊರವರು ಅದಕ್ಕೆ ಬೆಟಗೇರಿ ಸಾಲು ಎಂದು ಹೆಸರಿಟ್ಟಿದ್ದಾರೆ. ನನಗೂ ಅದೇ ಹೆಸರು, ಬೆಟಗೇರಿಯಾಕಿ. ಮೊನ್ನೆ ಮದುವೆಗೆಂದು ನಮ್ಮ ಓಣಿಗೆ ಬಂದಾಗ ನೀವು ಗುಡ್ಡದಾಕಿ ಬಂದಳು ಎಂದಿರಿ. ಎರಡೂ ಕಡೆ ಇನ್ನೊಂದು ಕಡೆಯವಳಾದೆ.

ನನ್ನ ಕೋಲಿ ಮತ್ತೆ ಖಾಲಿಯಾಗಿದೆ, ಬಾ ಎಂದು ಖಬರು ಕಳಿಸಿದ್ದೀರಿ. ಶಾಂತವ್ವನಿಗೆ ಹೇಳಿದೆ, ಅವಳು ಹಿಟ್ಟು ನಾದುತ್ತಲೇ ಇದ್ದಳು. ನಿನ್ನೆ ಫಕ್ಕೀರವ್ವ ಜೋಳ ಕೀಳಲು ಆಳು ಗೊತ್ತು ಮಾಡಿದಳು. ಆ ಕುಳ್ಳ ಸಾಲು ಏನು ಮಾಡುವುದೆಂದು ಆಳು ಕೇಳಿದರಂತೆ. ಅದನ್ನು ಮುಟ್ಟಬೇಡಿರಿ, ಹಾಕಿದವಳೇ ಕೀಳುತ್ತಾಳೆ ಎಂದಳಂತೆ. ಕಾಳು ಕಟ್ಟುವ ಜೋಳವಲ್ಲ ಅದು, ಎಮ್ಮೆಗೆ ಮೇವಾದೀತು. ಆದರೂ ಕೋಲಿ ಇನ್ನೊಬ್ಬರಿಗೆ ಕೊಡುವುದಿದ್ದರೆ ಕೊಡಲಿ, ಮಾಲೀಕನಿಗೆ ಹೇಳಿರಿ. ಜೋಳ ಕೀಳುವ ತನಕ ನಾನು ಬರುವುದಾಗುವುದಿಲ್ಲ. ಕಿತ್ತ ಮೇಲೆ ಏನು ಹೇಳುತ್ತೇನೋ, ನನಗೇ ಗೊತ್ತಿಲ್ಲ.