ಇಪ್ಪತ್ತೈದು ಅಕ್ಷರಗಳ ಕೀ

ತಿರುಪಣ್ಣನಿಗೆ ಎಡಗಿವಿ ಕೇಳಿಸುವುದಿಲ್ಲ. ಏಳನೇ ವಯಸ್ಸಿನಲ್ಲಿ ಅಪ್ಪನ ರೇಡಿಯೊ ಬಿಚ್ಚಿ, ಮತ್ತೆ ಜೋಡಿಸಿ, ಒಂದು ತಿರುಪು ಉಳಿಸಿಕೊಂಡಿದ್ದಕ್ಕೆ ಬಿದ್ದ ಏಟು ಅದು. ಅಂತಿಂಥ ಏಟಲ್ಲ, ಕಿವಿಯಿಂದ ಸುರಿದ ರಕ್ತಕ್ಕೆ ಅಂಗಿಯ ಕಾಲರೆಲ್ಲ ತೊಯ್ದುಹೋಗಿತ್ತು. ರೇಡಿಯೊ ಮಾತ್ರ ಆಮೇಲೂ ಹನ್ನೊಂದು ವರ್ಷ ಚೆನ್ನಾಗಿಯೇ ಹಾಡಿತು. ಅಂದಿನಿಂದ ತಿರುಪು ಎಂಬ ಅಡ್ಡಹೆಸರು ಅಂಟಿಕೊಂಡಿತು, ವಯಸ್ಸಾದಂತೆ ಅದು ತಿರುಪಣ್ಣ ಆಯಿತು. ಈಗ ಐವತ್ತು ದಾಟಿದೆ, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಇವತ್ತಿಗೂ ಕೆಲಸ ಮುಗಿದ ಮೇಲೆ ಒಂದು ತಿರುಪು ಉಳಿದರೆ ಪೊಟ್ಟಣ ಕಟ್ಟಿ, "ನಿಮ್ದೇ ಸರ್, ಇಟ್ಕೊಳಿ," ಎಂದು ಗಿರಾಕಿಯ ಕೈಗೇ ಕೊಡುತ್ತಾನೆ.

ಅಂಗಡಿಯ ಹಿಂಭಾಗದಲ್ಲಿ ಹೊಲಿಗೆ ಮಷೀನಿನ ಮುಂದೆ ಅವನ ಅಕ್ಕ ಕೂರುತ್ತಾಳೆ. ಲ್ಯಾಪ್‌ಟಾಪುಗಳಿಗೆ ಬಟ್ಟೆಯ ಚೀಲ ಹೊಲಿಯುವುದು ಅವಳ ಕೆಲಸ. ಅವಳಿಗೆ ಬಲಗಣ್ಣಿಲ್ಲ. ಆ ಕಣ್ಣು ಹೋದದ್ದು ತಿರುಪಣ್ಣನಿಂದ. ಅವನೇನೂ ಹೊಡೆಯಲಿಲ್ಲ, ಬಾಗಿಲು ತೆಗೆದ, ಅಷ್ಟೇ. ಇಪ್ಪತ್ತೆರಡು ವರ್ಷಗಳ ಹಿಂದೆ ಅಕ್ಕ ಗಂಡನ ಹೊಡೆತ ತಾಳಲಾರದೆ ತಮ್ಮನ ಮನೆಗೆ ಓಡಿಬಂದಿದ್ದಳು. ಮಧ್ಯಾಹ್ನ ಭಾವ ಬಂದು, "ಬರೀ ಮಾತಾಡ್ಬೇಕು ಕಣೋ," ಅಂದ. ಗಂಡ ತಾನೆ, ಮಾತಾಡಿ ಸರಿಹೋಗಲಿ ಎಂದು ಈ ಪುಣ್ಯಾತ್ಮ ಚಿಲಕ ತೆಗೆದ. ಭಾವ ಮಾತಾಡಲಿಲ್ಲ. ಸೀದಾ ಅಡುಗೆಮನೆಗೆ ನುಗ್ಗಿ ಕಬ್ಬಿಣದ ಇಕ್ಕಳ ಎತ್ತಿಕೊಂಡ. ಇವನು ಹೋಗಿ ಬಿಡಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಅಂದಿನಿಂದ ಅಕ್ಕ ಇವನ ಜೊತೆಗೇ ಇದ್ದಾಳೆ. ಬೇಯಿಸಿ ಹಾಕುತ್ತಾಳೆ, ಜ್ವರ ಬಂದರೆ ಬೈಯುತ್ತಲೇ ಮಾತ್ರೆ ನುಂಗಿಸುತ್ತಾಳೆ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ "ತಮ್ಮಾ" ಎಂದು ಕರೆದಿಲ್ಲ. "ಏ, ಇಲ್ನೋಡು" ಅನ್ನುವುದೇ ಅವನ ಹೆಸರಾಗಿದೆ.

ಮೂರು ವಾರಗಳ ಹಿಂದೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಹೊಸ ಲ್ಯಾಪ್‌ಟಾಪ್ ತಂದಿದ್ದಳು. ಖಾಲಿ ಮಷೀನು, ಆಪರೇಟಿಂಗ್ ಸಿಸ್ಟಮ್ಮಿನ ಇಪ್ಪತ್ತೈದು ಅಕ್ಷರಗಳ ಲೈಸೆನ್ಸ್ ಕೀ ಬೇರೆಯಾಗಿ ಒಂದು ಕಾರ್ಡಿನಲ್ಲಿತ್ತು. ತಿರುಪಣ್ಣ ಇನ್‌ಸ್ಟಾಲ್ ಮಾಡುತ್ತಿದ್ದಾಗ ಅವಳು ಅಕ್ಕನ ಪಕ್ಕ ಕುಳಿತು, ಕುತ್ತಿಗೆಯ ಮೇಲಿನ ಹಸಿರುಗಟ್ಟಿದ ಬೆರಳ ಗುರುತು ತೋರಿಸಿ, ಎಲ್ಲ ಹೇಳಿಕೊಂಡಳು. ಗಂಡ ಫೋನನ್ನು ಕಲ್ಲಿಗೆ ಜಜ್ಜಿ ಪುಡಿ ಮಾಡಿದ್ದ. ಅದಕ್ಕೂ ಮೊದಲೇ ಲ್ಯಾಬಿನ ಕಂಪ್ಯೂಟರಿಗೆ ಹಾಕಿಟ್ಟಿದ್ದ ಗಾಯದ ಫೋಟೊಗಳು, ಅವನ ಬೆದರಿಕೆಯ ಧ್ವನಿಮುದ್ರಣ, ಯಾವುದನ್ನೂ ಅಲ್ಲಿ ಇಡುವಂತಿರಲಿಲ್ಲ, ಎಲ್ಲವನ್ನೂ ಈ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಬೇಕಿತ್ತು. ಕೋರ್ಟಿನಲ್ಲಿ ಅದನ್ನು ತೋರಿಸದಿದ್ದರೆ ಐದು ವರ್ಷದ ಮಗಳು ಅವನ ಪಾಲಾಗುತ್ತಾಳೆ. ಅಕ್ಕ ಅವಳಿಗೆ ಹಳದಿ ಜಿಪ್ಪಿನ ನೀಲಿ ಚೀಲ ಹೊಲಿದು ಕೊಟ್ಟಳು. ತಿರುಪಣ್ಣ ಎಂದಿನಂತೆ ಕೀಯನ್ನು ಒಂದು ಚೀಟಿಯಲ್ಲಿ ಬರೆದು ತಳದ ಮುಚ್ಚಳದ ಒಳಮೈಗೆ ಅಂಟಿಸಿದ. ಜನ ಕಾರ್ಡು ಕಳೆದುಕೊಂಡು ಬಂದು ಇವನ ತಲೆ ತಿನ್ನುತ್ತಾರೆಂದು ರೂಢಿಸಿಕೊಂಡ ಪದ್ಧತಿ ಅದು.

ವಿಚಾರಣೆಗೆ ಮೂರು ದಿನ ಉಳಿದಿತ್ತು. ಶುಕ್ರವಾರ ಮಧ್ಯಾಹ್ನ ಕಟ್ಟುಮಸ್ತಾದ ಆಳೊಬ್ಬ ಬಂದು ಮೇಜಿನ ಮೇಲೆ ನೀಲಿ ಚೀಲ ಇಟ್ಟ.

"ಇದರಲ್ಲಿರೋದನ್ನೆಲ್ಲ ಅಳಿಸಿ ಹೊಸದಾಗಿ ಓಎಸ್ ಹಾಕಿ. ನಾನಿಲ್ಲೇ ಕೂತಿರ್ತೀನಿ."

ಹೊಲಿಗೆ ಮಷೀನು ನಿಂತಿತು. ತಿರುಪಣ್ಣ ತಿರುಗಿ ನೋಡಿದ. ಅಕ್ಕ ಚೀಲದ ಹಳದಿ ಜಿಪ್ಪನ್ನೇ ನೋಡುತ್ತಿದ್ದಳು. ಆ ಮನುಷ್ಯನ ಮಣಿಕಟ್ಟಿನ ಮೇಲೆ ಉಗುರಿನ ಹಸಿ ಗೀರುಗಳಿದ್ದವು. ಲ್ಯಾಪ್‌ಟಾಪನ್ನು ಹೇಗೆ ಕಿತ್ತುಕೊಂಡು ಬಂದನೆಂದು ಯಾರೂ ಹೇಳಬೇಕಾಗಿರಲಿಲ್ಲ. ತಿರುಪಣ್ಣ ಹುಟ್ಟಾ ಪುಕ್ಕಲ. ಯಾರಾದರೂ ದನಿ ಏರಿಸಿದರೆ ಸಾಕು, ಕೈ ತಾನಾಗಿ ಎಡಗಿವಿಗೆ ಹೋಗುತ್ತದೆ.

"ಮೊದ್ಲು ಧೂಳು ತೆಗೀಬೇಕು ಸರ್," ಎಂದು ಮಷೀನನ್ನು ತಲೆಕೆಳಗು ಮಾಡಿ ತಳ ಬಿಚ್ಚಿದ. ಮೇಜಿನ ಮೇಲೆ ತೆರೆದಿಟ್ಟಿದ್ದ ಇನ್ನೊಂದು ಲ್ಯಾಪ್‌ಟಾಪಿನ ಪರದೆಯ ಮರೆಯಲ್ಲಿ ಅವಳ ಡಿಸ್ಕನ್ನು ಕಿತ್ತ. ಬೆರಳುದ್ದದ ತೆಳ್ಳನೆಯ ಪಟ್ಟಿ ಅದು. ಡ್ರಾಯರಿನಿಂದ ಬೇರೊಂದು ಡಿಸ್ಕ್ ತೆಗೆದು ಅಲ್ಲಿ ಕೂರಿಸಿದ. ಅವಳದ್ದನ್ನು, ಸೂಜಿ ಕೇಳುವ ನೆಪದಲ್ಲಿ ಎದ್ದುಹೋಗಿ ಅಕ್ಕನ ಗುಂಡಿ ಡಬ್ಬಿಗೆ ಬಿಟ್ಟ. ಅಕ್ಕ ಡಬ್ಬಿ ಮುಚ್ಚಿದಳು.

"ದಾರ ಮುಗಿದಿದೆ, ತರ್ತೀನಿ," ಎಂದು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂಬಾಗಿಲಿನಿಂದ ಹೊರಟಳು. ಆ ಹೆಂಗಸಿನ ಆಸ್ಪತ್ರೆಗೆ ನಡೆದುಹೋದರೆ ಹದಿನೈದು ನಿಮಿಷ. ಅವನು ಅವಳ ಹಿಂದೆಯೇ ಚಿಲಕ ಹಾಕಿ ಬಂದು ಕುಳಿತ.

ಮುಚ್ಚಳ ಹಾಕದೆಯೇ ಮಷೀನನ್ನು ನೆಟ್ಟಗೆ ಮಾಡಿ ಸಿಸ್ಟಮ್ ಹಾಕಲು ಶುರು ಮಾಡಿದ. ಗಮನವೆಲ್ಲ ಹಿಂಬಾಗಿಲಿನ ಕಡೆಗಿತ್ತು, ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಕೈಯನ್ನು ಹಾಗೆ ಅದರ ಪಾಡಿಗೆ ಬಿಟ್ಟದ್ದೇ ತಪ್ಪಾಯಿತು. ಪರದೆ ಲೈಸೆನ್ಸ್ ಕೀ ಕೇಳಿತು. ಬಿಚ್ಚಿಟ್ಟ ಮುಚ್ಚಳ ಮೊಣಕೈ ಪಕ್ಕದಲ್ಲೇ ಅಂಗಾತ ಬಿದ್ದಿತ್ತು, ಒಳಮೈಯಲ್ಲಿ ಚೀಟಿ ಇತ್ತು. ಸಾವಿರ ಸಲ ಮಾಡಿದ ಅಭ್ಯಾಸ. ಅದನ್ನು ನೋಡಿಕೊಂಡು ಇಪ್ಪತ್ತೈದು ಅಕ್ಷರಗಳನ್ನೂ ಪಟಪಟನೆ ಹೊಡೆದುಬಿಟ್ಟ.

"ನಿಲ್ಸು," ಅಂದ ಆ ಮನುಷ್ಯ. ಜೇಬಿನಿಂದ ನಿಧಾನವಾಗಿ ಒಂದು ಕಾರ್ಡ್ ತೆಗೆದ. "ಕೀ ನನ್ನ ಹತ್ರ ಇದೆ. ನಾನಿನ್ನೂ ಕೊಟ್ಟೇ ಇಲ್ಲ. ನೀನೆಲ್ಲಿಂದ ಹಾಕ್ದೆ?"

ತಿರುಪಣ್ಣನ ಕೈ ಎಡಗಿವಿಗೆ ಹೋಯಿತು. ಆ ಮನುಷ್ಯ ಮೇಜಿನ ಮೇಲೆ ಬಾಗಿ ಚೀಟಿ ನೋಡಿದ, ಗೋಡೆಯ ದರಪಟ್ಟಿಯ ಬೋರ್ಡಿನ ಮೇಲಿದ್ದ ಅದೇ ಕೈಬರಹ ನೋಡಿದ, ಬಳಿಕ ಖಾಲಿ ಹೊಲಿಗೆ ಮಷೀನಿನ ಕಡೆ ನೋಡಿದ. ಇವರು ಹೆಂಡತಿಯ ಪರಿಚಯದವರು, ತಳ ಬಿಚ್ಚಿದ್ದು ಧೂಳಿಗಲ್ಲ ಎಂದು ಅವನಿಗೆ ಹೊಳೆಯಿತು.

ಮೊದಲ ಏಟು ಮುಖಕ್ಕೆ ಬಿತ್ತು. ತಿರುಪಣ್ಣ ಕುರ್ಚಿ ಸಮೇತ ಉರುಳಿದ. ಆ ಮನುಷ್ಯ ಕೂದಲು ಹಿಡಿದು ಎಬ್ಬಿಸಿ, ಅವನ ಎಡಗೈಯನ್ನು ಮೇಜಿಗೆ ಒತ್ತಿ, ಪಕ್ಕದಲ್ಲಿದ್ದ ಸುತ್ತಿಗೆ ಎತ್ತಿದ.

"ಹಳೇ ಡಿಸ್ಕ್ ಎಲ್ಲಿ?"

"ಗೊತ್ತಿಲ್ಲ."

ಕಿರುಬೆರಳು ಮುರಿದ ಸದ್ದು ತಿರುಪಣ್ಣನಿಗೆ ಒಂದೇ ಕಿವಿಯಲ್ಲೂ ಚೆನ್ನಾಗಿ ಕೇಳಿಸಿತು. ಪ್ರಶ್ನೆ ಮತ್ತೆ ಬಂತು, ಉಂಗುರಬೆರಳು ಹೋಯಿತು. ಮೂರನೆಯದಕ್ಕೆ ಅವನು ಉಚ್ಚೆ ಹೊಯ್ದುಕೊಂಡ. ಅದನ್ನು ಆಮೇಲೆ ಅವನೇ ನಾಚಿಕೆಯಿಲ್ಲದೆ ಎಲ್ಲರಿಗೂ ಹೇಳಿದ.

"ಆ ಒಕ್ಕಣ್ಣಿ ಹತ್ರ ಇದೆ ಅಲ್ವಾ," ಎಂದು ಆ ಮನುಷ್ಯ ಸುತ್ತಿಗೆ ಹಿಡಿದೇ ಹಿಂಬಾಗಿಲಿನತ್ತ ತಿರುಗಿದ.

ಆಗ ತಿರುಪಣ್ಣನಿಗೆ ಏನಾಯಿತೋ. ಎದ್ದವನೇ ಮೇಜು ದಾಟಿ ಓಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಬಲಗೈಯಲ್ಲಿ ಬೆಳಗಿನಿಂದ ಕಾದಿದ್ದ, ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ಇತ್ತು.

"ತೆಗಿಯೋ ಬಾಗಿಲು."

"ತೆಗಿಯಲ್ಲ."

ಸುತ್ತಿಗೆ ಪಕ್ಕೆಗೆ ಬಿತ್ತು, ಭುಜಕ್ಕೆ ಬಿತ್ತು. ತಿರುಪಣ್ಣ ಕುಸಿದ, ಕುಸಿದರೂ ಬಾಗಿಲಿಗೇ ಅಂಟಿಕೊಂಡು ಕುಸಿದ, ಚಿಲಕದ ಕಡೆಗೆ ಬಂದ ಕೈಗೆ ಕಾದ ಕಡ್ಡಿಯನ್ನು ಒತ್ತಿ ಹಿಡಿದ. ಚರ್ಮ ಸುಟ್ಟ ವಾಸನೆ ಬಂತು. ಆ ಮನುಷ್ಯ ಅರಚಿ ಒದ್ದ. ತಿರುಪಣ್ಣ ಅವನ ಮೀನಖಂಡಕ್ಕೆ ಬಾಯಿ ಹಾಕಿ ಹಲ್ಲು ಊರಿದ, ತಲೆಯ ಮೇಲೆ ಏಟು ಬೀಳುತ್ತಿದ್ದರೂ ಬಿಡಲಿಲ್ಲ. ಅರಚಾಟ ಕೇಳಿ ಪಕ್ಕದ ಜೆರಾಕ್ಸ್ ಅಂಗಡಿಯವನೂ ಎದುರಿನ ಚಪ್ಪಲಿ ಅಂಗಡಿಯ ಮೂವರೂ ಓಡಿಬಂದು ಆ ಮನುಷ್ಯನನ್ನು ನೆಲಕ್ಕೆ ಕೆಡವಿ ಹಿಡಿದುಕೊಂಡರು. ಪೊಲೀಸರು ಬರುವವರೆಗೂ ತಿರುಪಣ್ಣ ಬಾಗಿಲು ಬಿಟ್ಟು ಕದಲಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಎಡಗೈ ಪೂರ್ತಿ ಬ್ಯಾಂಡೇಜಿನಲ್ಲಿತ್ತು, ಎರಡು ಪಕ್ಕೆಲುಬು ಮುರಿದಿದ್ದವು. ಲ್ಯಾಬಿನ ಹೆಂಗಸು ಬಂದು, ಡಿಸ್ಕಿನಲ್ಲಿದ್ದದ್ದೆಲ್ಲ ಹಾಗೇ ಇದೆ, ವಕೀಲರ ಕೈ ಸೇರಿದೆ ಎಂದು ಹೇಳಿ, ಮಾತು ಮುಂದುವರಿಸಲಾಗದೆ ಅತ್ತು ಹೋದಳು.

ಅಕ್ಕ ಮಂಚದ ಪಕ್ಕ ಕುಳಿತು ಬ್ರೆಡ್ಡನ್ನು ಹಾಲಿನಲ್ಲಿ ಅದ್ದುತ್ತಿದ್ದಳು.

"ಅಕ್ಕಾ, ಆ ಲ್ಯಾಪ್‌ಟಾಪಿಂದು ಒಂದು ತಿರುಪು ಉಳ್ಕೊಂಡಿದೆ. ಪೊಟ್ಟಣ ಕಟ್ಟಿ ಕೊಡ್ಲಿಲ್ಲ," ಅಂದ ಅವನು, ಊದಿದ ತುಟಿಯಲ್ಲೇ.

ಅವಳು ನಗಲಿಲ್ಲ. ಅವನ ಮುರಿದ ಬೆರಳುಗಳನ್ನು ತುಂಬ ಹೊತ್ತು ನೋಡಿದಳು. ಅವಳ ಒಂಟಿ ಕಣ್ಣು ತುಂಬಿಬಂತು.

"ಬಾಯಿ ತೆಗಿ, ತಮ್ಮಾ," ಅಂದಳು.