ಬಾಷಾ ತೀರಿಕೊಂಡ ಸುದ್ದಿಗೆ ನಿಮ್ಮ ಓಕೆ

ಈ ವಯಸ್ಸಿನಲ್ಲಿ ಮೊಬೈಲು ಕುಟ್ಟಿಕೊಂಡು ಬರೆಯುವ ಕರ್ಮ ನನಗೆ ಬೇಕಿರಲಿಲ್ಲ. ಬರೆಸಿದವರು ನೀವೇ, ಗೆಳೆಯರೇ.

ನಮ್ಮ ಬಾಷಾ ತೀರಿಕೊಂಡ, ಮಧ್ಯಾಹ್ನ ಮಣ್ಣು ಮಾಡುತ್ತಾರೆ ಅಂತ ಬೆಳಿಗ್ಗೆ ಈ ವಾಟ್ಸಾಪ್ ಗುಂಪಿನಲ್ಲೇ ಹಾಕಿದೆ. ನಿಮಿಷ ಕಳೆದಿಲ್ಲ, ಹನ್ನೊಂದು ಜನ ‘ಓಕೆ’ ಅಂತ ಬರೆದಿದ್ದೀರಿ. ಅವರಲ್ಲಿ ಒಬ್ಬನಾದ ನನ್ನ ಅಣ್ಣನ ಮಗನಿಗೆ ಫೋನ್ ಮಾಡಿ, “ಏನೋ ಅದು ಓಕೆ?” ಅಂತ ಕೇಳಿದೆ.

“ನೋಡ್ದೆ ಅಂತ ಅಷ್ಟೇ ಚಿಕ್ಕಪ್ಪ. ಯಾರು ಹೋಗಿದ್ದು?” ಅಂದ.

ಅರವತ್ತರ ದಶಕದಲ್ಲಿ ನಾನೂ ಬಾಷಾನೂ ಶಿಡ್ಲಘಟ್ಟದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿದ್ದೆವು. ಮೊಟ್ಟೆಯಿಟ್ಟ ಚಿಟ್ಟೆಯನ್ನು ನಾನು ಅರೆದು ಕೊಡಬೇಕು. ಅವನು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಮೊಟ್ಟೆಗೂ ದಾಟುವ ರೋಗವಿಲ್ಲದಿದ್ದರೆ ‘ಓಕೆ’ ಅನ್ನಬೇಕು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಕಲಿತ ಮೊದಲ ಇಂಗ್ಲಿಷ್ ಮಾತು ಅದು.

ಒಂದು ಸಂಜೆ ಮೊಟ್ಟೆಗಾಗಿ ಸಾದಲಿಯ ರೈತರು ಬಾಗಿಲಲ್ಲಿ ಕಾಯುತ್ತಿದ್ದರು. “ಎಲ್ಲಾ ಓಕೆ ಅಂದ್ಬಿಡೋ, ಅವರ ಬಸ್ಸು ಹೋಗ್ತದೆ” ಅಂದೆ.

ಬಾಷಾ ತಲೆ ಎತ್ತಲಿಲ್ಲ. “ನೋಡದೇ ಓಕೆ ಅಂದ್ಬಿಟ್ರೆ ಅವರ ಮನೆ ಹುಳ ಎಲ್ಲಾ ಸಾಯ್ತವಪ್ಪ. ಬಸ್ಸು ನಾಳೇನೂ ಬರ್ತದೆ ಕಣೋ.”

ಮಧ್ಯಾಹ್ನ ಅವನಿಗೆ ಮಣ್ಣು ಹಾಕಿ ಬಂದೆ. ಓಕೆ ಅಂದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಶುಕ್ರವಾರ ಮುರುಗಮಲ್ಲದ ದರ್ಗಾದಲ್ಲಿ ಅವನ ಹೆಸರಿನಲ್ಲಿ ಪ್ರಾರ್ಥನೆ ಇದೆ. ಯಾರು ಬರುತ್ತೀರಿ ಅಂತ ಗುರುವಾರ ಸಂಜೆಯೊಳಗೆ ಬರೆಯಿರಿ. ಬರುತ್ತೇನೆ ಅನ್ನಿ, ಇಲ್ಲ ಬರುವುದಿಲ್ಲ ಅನ್ನಿ. ಓಕೆ ಬೇಡ. ಅದನ್ನು ಹೇಳಬಲ್ಲವನು ಹೋದ.